ಸುನಂದಾ ಅವರು ಬರಲಿ

ಬೆಳಗಿನ ನಡಿಗೆ ಮುಗಿಸಿ ನಾನು ಮನೆಗೆ ಮರಳುವ ಹೊತ್ತಿಗೆ ನಮ್ಮ ನರಸೀಪುರದ ಬೀದಿಯ ತಿರುವಿನಲ್ಲಿ ಕೆಂಪಮ್ಮ ಸೊಪ್ಪಿನ ಬುಟ್ಟಿ ಇಳಿಸುತ್ತಿರುತ್ತಾಳೆ. ಒದ್ದೆ ಗೋಣಿತಾಟನ್ನು ಸರಿಸಿದೊಡನೆ ಕೀರೆ, ದಂಟು, ಸಬ್ಬಸಿಗೆ, ಕೊತ್ತಂಬರಿಗಳು ಆಗಷ್ಟೇ ಮುಖ ತೊಳೆದುಕೊಂಡವರಂತೆ ಕಾಣಿಸಿಕೊಳ್ಳುತ್ತವೆ. ಇಂಥ ಸೊಪ್ಪಿನ ಮುಂದೆ ಮೊದಲಿಗಳಾಗಿ ನಿಂತು ಒಳ್ಳೊಳ್ಳೆಯ ಕಟ್ಟುಗಳನ್ನು ಆರಿಸಿಕೊಳ್ಳುವುದು ಬಿಟ್ಟು ನಾನು ಮಾಡುವುದೇನೆಂದರೆ, ಎದುರಿನ ಲೈಟುಕಂಬದ ಪಕ್ಕ ನಿಂತು, ಅದಕ್ಕೆ ಅಂಟಿಸಿದ ಜಾಹೀರಾತುಗಳನ್ನು ಶಾಸನ ಓದುವ ವಿದುಷಿಯ ಏಕಾಗ್ರತೆಯಿಂದ ಓದುವುದು. ಮೂಲವ್ಯಾಧಿಯ ಚಿಕಿತ್ಸೆ, ಬೋರ್‌ವೆಲ್ ಕೊರೆತ, ಮನೆಪಾಠ ಇವುಗಳಲ್ಲಿ ನನ್ನ ಪಾಂಡಿತ್ಯ ಈಗ ಸಾಕಷ್ಟು ಪಕ್ವವಾಗಿದೆ. ಬೇರೆ ಯಾರಾದರೂ ಬಂದು ಒಂದು ಕಟ್ಟು ಕೊಂಡು ಹೋದ ಮೇಲೆ ಕಂಬವನ್ನು ಬಿಟ್ಟು ಬುಟ್ಟಿಯ ಕಡೆ ಬರುತ್ತೇನೆ.

ಕಾರಣ ನಿಮಗೆ ಹೊಳೆದಿರಬಹುದು. ಬೋಣಿ ಎಂಬುದು ಬರಿಯ ಕೊಳ್ಳುವಿಕೆಯಲ್ಲ, ಅದು ಆ ದಿನದ ವ್ಯಾಪಾರಕ್ಕೆ ನಾಂದಿ. ಅದನ್ನು ಯಾರ ಕೈಯಿಂದ ಮಾಡಿಸಬೇಕು, ಯಾರ ಕೈಯಿಂದ ಮಾಡಿಸಬಾರದು ಎಂಬ ಬಗ್ಗೆ ನಮ್ಮ ಕಡೆ ಬೀದಿಬೀದಿಗೂ ಖಚಿತವಾದ ಅಭಿಪ್ರಾಯಗಳುಂಟು. ನನ್ನ ಗಂಡ ತೀರಿಕೊಂಡು ಬಹಳ ವರ್ಷಗಳಾದವು. ನನ್ನ ಹಣೆ ಬರಿದು. ಕೆಂಪಮ್ಮ ಒಂದು ದಿನವೂ ನನ್ನನ್ನು ‘ಆಚೆ ನಿಲ್ಲಿ’ ಎಂದವಳಲ್ಲ. ಹಾಗೆ ಹೇಳುವ ಶ್ರಮವನ್ನು ಅವಳಿಗೆ ಕೊಡದೆ ನಾನೇ ಆಚೆ ನಿಲ್ಲುತ್ತೇನೆ, ಅಷ್ಟೆ. ಯಾರೂ ವಿಧಿಸದ ನಿಯಮಗಳನ್ನು ಪಾಲಿಸುವುದರಲ್ಲಿ ಇರುವ ಶಿಸ್ತು ವಿಧಿಸಿದ ನಿಯಮಗಳಲ್ಲಿ ನಮಗೆ ಎಲ್ಲಿ ಬರಬೇಕು.

ಇದರಲ್ಲಿ ನಗುವ ಸಂಗತಿಯೆಂದರೆ, ಒಂದು ಕಾಲಕ್ಕೆ ಇಡೀ ಒಂದು ರೈಸ್ ಮಿಲ್ಲಿಗೆ ದಿನದ ಬೋಣಿ ಮಾಡಿಕೊಡುತ್ತಿದ್ದ ಹೆಂಗಸು ನಾನೇ. ನನ್ನ ಕೈಗುಣವನ್ನು ಜನ ಬಾಯಿಮಾತಿನಲ್ಲಿ ಹೊಗಳಿ ಬಿಟ್ಟಿರಲಿಲ್ಲ, ಅದನ್ನು ಒಂದು ಕಂಪ್ಯೂಟರಿನೊಳಗೆ ಬರೆದು ಕೂರಿಸಿದ್ದರು. ಉತ್ಪ್ರೇಕ್ಷೆ ಎನಿಸಿದರೆ ಕಂಬದ ಪಕ್ಕ ನನ್ನ ಜೊತೆ ಸ್ವಲ್ಪ ಹೊತ್ತು ನಿಲ್ಲಿ, ಕೆಂಪಮ್ಮನಿಗೆ ಗಿರಾಕಿ ಬರುವಷ್ಟರಲ್ಲಿ ಹೇಳಿ ಮುಗಿಸುತ್ತೇನೆ.

ತೊಂಬತ್ತರ ದಶಕದ ಮಾತು. ಕನ್ನಡದಲ್ಲಿ ಎಂ.ಎ. ಮಾಡಿ, ಷಟ್ಪದಿಗಳನ್ನು ಬಿಡಿಸಿ ಓದಬಲ್ಲೆನೆಂಬ ಹೆಮ್ಮೆಯ ಜೊತೆಗೆ ಟೈಪಿಂಗ್ ಪರೀಕ್ಷೆಯನ್ನೂ ಪಾಸು ಮಾಡಿಟ್ಟುಕೊಂಡಿದ್ದ ನನಗೆ, ನಂಜನಗೂಡಿನ ಅಂಚಿನಲ್ಲಿದ್ದ ಒಂದು ಮಿಲ್ಲಿನ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಷಟ್ಪದಿಯ ಬಗ್ಗೆ ಅಲ್ಲಿ ಯಾರೂ ಕೇಳಲಿಲ್ಲ. ನನ್ನ ಯಜಮಾನರು ಹೆಮ್ಮಿಗೆಯ ಶಾಲೆಯಲ್ಲಿ ಮೇಷ್ಟ್ರು. ಬೆಳಿಗ್ಗೆ ಅವರು ಸೈಕಲ್ಲಿನಲ್ಲಿ ಆ ಕಡೆ, ನಾನು ಬಸ್ಸಿನಲ್ಲಿ ಈ ಕಡೆ. ಮಿಲ್ಲಿನ ಒಡೆಯರಾದ ಶಿವಮಲ್ಲಪ್ಪನವರು ವಿಭೂತಿ ಹಚ್ಚದೆ ಮನೆಯ ಹೊಸ್ತಿಲು ದಾಟದವರು, ಆದರೆ ಹೊಸ ಯಂತ್ರ ಎಂದರೆ ಮಕ್ಕಳಂತೆ ಹಿಗ್ಗುವವರು. ಮೈಸೂರಿನ ಆಡಿಟರು ಹೇಳಿದರೆಂದು ಅವರು ಒಂದು ಯುನಿಕ್ಸ್ ಕಂಪ್ಯೂಟರ್ ಯಂತ್ರವನ್ನು ತರಿಸಿ ಒಳಕೋಣೆಯಲ್ಲಿ ಪ್ರತಿಷ್ಠಾಪಿಸಿದ್ದರು. ಅದರಿಂದ ತಂತಿಗಳು ಹೊರಟು, ತೂಕದ ಮನೆ, ಬಿಲ್ಲಿಂಗು, ಗೋಡೌನುಗಳಲ್ಲಿ ಹಸಿರು ಅಕ್ಷರದ ಟರ್ಮಿನಲ್ಲುಗಳಾಗಿ ಕೊನೆಗೊಂಡಿದ್ದವು. ಹಮಾಲಿಗಳು ಅವನ್ನು ಟಿವಿ ಎನ್ನುತ್ತಿದ್ದರು, ಇಷ್ಟು ನೀರಸವಾದ ಟಿವಿಯನ್ನು ನಾವು ದಿನವಿಡೀ ಹೇಗೆ ನೋಡುತ್ತೇವೆಂದು ಕನಿಕರಪಡುತ್ತಿದ್ದರು.

ಯಂತ್ರದ ಉಸ್ತುವಾರಿ ಪ್ರಭುಸ್ವಾಮಿಯದು. ಚಿಕ್ಕಯ್ಯನಛತ್ರದವನು, ಡಿಪ್ಲೊಮಾವನ್ನು ಅರ್ಧಕ್ಕೆ ಬಿಟ್ಟವನು, ಮಾತನ್ನು ಮಾತ್ರ ಎಂದೂ ಅರ್ಧಕ್ಕೆ ಬಿಟ್ಟವನಲ್ಲ. ಅವನ ಯುನಿಕ್ಸ್ ಜ್ಞಾನ ಒಂದು ದಪ್ಪ ಪುಸ್ತಕದಿಂದ ಬಂದದ್ದು. ಆ ಪುಸ್ತಕದ ಅರ್ಧ ಭಾಗ ಅವನಿಗೂ ಅರ್ಥವಾಗಿರಲಿಲ್ಲವೆಂದು ನಮ್ಮೆಲ್ಲರ ಗುಮಾನಿ. ಆದರೆ ಅರ್ಥವಾಗದ ಭಾಗವನ್ನು ಅವನು ಹೇಳುವಾಗಲೇ ಹೆಚ್ಚು ಗಾಂಭೀರ್ಯವಿರುತ್ತಿತ್ತು.

ಯಂತ್ರ ಬಂದ ಹೊಸದರಲ್ಲಿ ದಿನವೂ ಒಂದೇ ಗೋಳು. ಬೆಳಿಗ್ಗೆ ಬತ್ತದ ಲಾರಿಗಳು ಗೇಟಿನಲ್ಲಿ ಸಾಲುಗಟ್ಟುತ್ತವೆ. ತೂಕದ ಮನೆಯ ಸಿದ್ದರಾಜು ತಾಂಡವಪುರದಿಂದ ಬೇಗ ಬಂದು ಮೊದಲು ಯಂತ್ರ ಹೊಗುತ್ತಾನೆ, ಹೊಕ್ಕ ಸ್ವಲ್ಪ ಹೊತ್ತಿಗೆ ಕರೆಂಟು ಹೋಗುತ್ತದೆ. ಕರೆಂಟು ಮರಳಿ ಬಂದರೂ ಯಂತ್ರ ಮರಳಿ ಬರುವುದಿಲ್ಲ. ಬಿದ್ದೆದ್ದ ಮುದುಕನಂತೆ ತನ್ನ ಮೈಯನ್ನೆಲ್ಲ ತಡವಿಕೊಂಡು, ಎಲ್ಲ ಸರಿಯಿದೆಯೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಅದು ಏಳುವುದು. ಅಲ್ಲಿಯವರೆಗೆ ತೂಕದ ಚೀಟಿಯಿಲ್ಲ, ಚೀಟಿಯಿಲ್ಲದೆ ಲಾರಿ ಇಳಿಸುವಂತಿಲ್ಲ. ಹೀಗಿರುವಾಗ ಒಂದು ದಿನ ಸಿದ್ದರಾಜು ನೆಂಟರ ಮದುವೆಗೆ ಹೋಗಿದ್ದರಿಂದ ಮೊದಲು ಲಾಗಿನ್ ಆದವಳು ನಾನು. ಅಂದು ಸಂಜೆಯವರೆಗೂ ಯಂತ್ರ ಒಮ್ಮೆಯೂ ಬೀಳಲಿಲ್ಲ. ಮರುದಿನವೂ ನಾನೇ, ಮರುದಿನವೂ ಅದೇ ಸುಖ. ಶಿವಮಲ್ಲಪ್ಪನವರು ಆಫೀಸಿನ ನಡುವೆ ನಿಂತು ತೀರ್ಪು ಕೊಟ್ಟರು. “ಸುನಂದಮ್ಮನ ಕೈಗುಣ ಚೆನ್ನಾಗದೆ ಕಣ್ರಪ್ಪ. ಇನ್ಮೇಲೆ ಮೊದಲು ಮುಟ್ಟೋದು ಅವ್ರೇ.”

ಅದೇ ವಾರ ಯಂತ್ರಕ್ಕೆ ಯುಪಿಎಸ್ ಬಂದು ಕೂತಿತ್ತು ಎಂಬ ಚಿಕ್ಕ ಸಂಗತಿಯನ್ನು ನಾನು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಂಡೆ. ಯುಪಿಎಸ್ಸಿನ ಶಕ್ತಿ ಯುಪಿಎಸ್ಸಿಗೆ, ಕೈಗುಣ ಬೇರೆ ಎಂದು ಅವರು ಅದನ್ನು ತಳ್ಳಿಹಾಕಿದರು. ಆ ಡಬ್ಬವನ್ನು ಆರಿಸಿ ತಂದವರೇ ಅದರ ಪುಣ್ಯವನ್ನೆಲ್ಲ ನನಗೆ ಧಾರೆಯೆರೆದು ಕೊಡುತ್ತಿರುವಾಗ ಹೆಚ್ಚು ವಾದಿಸುವುದು ಸಭ್ಯತೆಯಲ್ಲವೆಂದು ನಾನೂ ಸುಮ್ಮನಾದೆ.

ಆಜ್ಞೆ ಆಯಿತು, ಪಾಲನೆ ಆಗಬೇಕಲ್ಲ. ಲಾರಿಯವರ ಹಾರನ್ನು ತಡೆಯಲಾರದೆ ಸಿದ್ದರಾಜು ಒಂದು ಬೆಳಿಗ್ಗೆ ನನಗಿಂತ ಮುಂಚೆ ಯಂತ್ರ ಮುಟ್ಟಿಬಿಟ್ಟ. ಕರೆಂಟು ಹೋಯಿತು. ಯುಪಿಎಸ್ಸೂ ಒಂದು ಸಲ ಕೀರಲು ದನಿ ತೆಗೆದು ಮಲಗಿತು. ನಾನು ಬಸ್ಸಿಳಿದು ಬರುವಷ್ಟರಲ್ಲಿ ಸಿದ್ದರಾಜು ಅಪರಾಧಿಯಾಗಿ ಗೋಡೆಗೆ ಒರಗಿದ್ದ, ಪ್ರಭುಸ್ವಾಮಿ ಶಾಶ್ವತ ಪರಿಹಾರವನ್ನು ಘೋಷಿಸುತ್ತಿದ್ದ. “ಮಿಷನ್ನಿಗೇ ಹೇಳ್‌ಬುಡ್ತೀನಿ ಸಾ. ಅಕ್ಕ ಬರೋಗಂಟ ಅದೇ ಯಾರ್ನೂ ಒಳೀಕ್ ಬುಡಾಕಿಲ್ಲ.”

ಅವನು ಮಾಡಿದ್ದು ಇಷ್ಟು. ಯುನಿಕ್ಸಿನಲ್ಲಿ ಒಬ್ಬೊಬ್ಬರೂ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಹೊಕ್ಕೊಡನೆ, ಅವರು ಏನನ್ನಾದರೂ ಮುಟ್ಟುವ ಮೊದಲೇ, ಯಂತ್ರ ತಾನಾಗಿ ಓದಿಕೊಂಡು ನಡೆಸುವ ಒಂದು ಸೂಚನೆಯ ಕಡತವಿರುತ್ತದೆ. ಅದರಲ್ಲಿ ಏನು ಬರೆದಿಟ್ಟರೆ ಅದು ಆಗುತ್ತದೆ. ಸಾಮಾನ್ಯವಾಗಿ ಅದರಲ್ಲಿರುವುದು ಪ್ರಿಂಟರು ಎಲ್ಲಿದೆ, ಯಾವ ಮೆನು ತೆರೆಯಬೇಕು ಎಂಬಂಥ ಗೃಹಕೃತ್ಯದ ವಿಷಯ. ಪ್ರಭುಸ್ವಾಮಿ ಅಲ್ಲಿ ನನ್ನ ಕೈಗುಣವನ್ನು ಸೇರಿಸಿದ. ನಾನು ಒಳಬಂದರೆ ನನ್ನ ಹೆಸರಿನ ಒಂದು ಫೈಲು ಹುಟ್ಟಬೇಕು. ಬೇರೆಯವರು ಬಂದರೆ ಆ ಫೈಲು ಇದೆಯೇ ಎಂದು ಯಂತ್ರ ನೋಡಬೇಕು. ಇದ್ದರೆ ದಾರಿ ಬಿಡಬೇಕು, ಇಲ್ಲದಿದ್ದರೆ ಒಂದು ಮಾತು ಬರೆದು ತೋರಿಸಿ ಅಲ್ಲೇ ನಿಲ್ಲಿಸಬೇಕು. ಸಂಜೆ ಯಂತ್ರ ಮಲಗುವಾಗ ಫೈಲು ಅಳಿದು, ಮರುದಿನ ಮತ್ತೆ ನನ್ನಿಂದಲೇ ಶುರು. ಕನ್ನಡ ಲಿಪಿ ಬಾರದ ಆ ತೆರೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಮೂಡುತ್ತಿದ್ದ ಮಾತು, ‘ಸುನಂದಾ ಅವರು ಬರಲಿ’. ನನಗೆ ಮಾತ್ರ ಕಾಣಿಸುತ್ತಿದ್ದುದು, ‘ಬಂದಿರಾ, ಶುರು ಮಾಡಿ’.

ಆ ಫೈಲಿನೊಳಗೆ ಏನಿದೆಯೆಂದು ಒಮ್ಮೆ ಕುತೂಹಲದಿಂದ ಕೇಳಿದೆ. “ಏನೂ ಇಲ್ಲ ಅಕ್ಕ, ಖಾಲಿ,” ಎಂದ ಪ್ರಭುಸ್ವಾಮಿ. ಲೋಕದಲ್ಲಿ ಕೈಗುಣವೆನ್ನಿಸಿಕೊಂಡದ್ದನ್ನು ಇಷ್ಟು ನಿಖರವಾಗಿ ಅಳೆದವರು ಇನ್ನೊಬ್ಬರಿಲ್ಲ ಎಂದು ಅಂದು ಮನೆಗೆ ಹೋಗಿ ನನ್ನ ಯಜಮಾನರಿಗೆ ಹೇಳಿ ನಕ್ಕೆ. ಅವರು ಮಾತ್ರ ಅಂದಿನಿಂದ ಬೆಳಿಗ್ಗೆ ಸೈಕಲ್ಲು ಹತ್ತುವ ಮುಂಚೆ ಅದರ ಹ್ಯಾಂಡಲ್ಲನ್ನು ನನ್ನಿಂದ ಒಂದು ಸಲ ಮುಟ್ಟಿಸಿಕೊಳ್ಳತೊಡಗಿದರು. ತಮಾಷೆಗೆ ಶುರುವಾದದ್ದು ಅಭ್ಯಾಸವಾಗಿ ನಿಂತಿತು.

ಇದರ ಪರಿಣಾಮವಾಗಿ ನಾನು ಜಿಲ್ಲೆಯಲ್ಲೇ ಅತ್ಯಂತ ಕಾಯಲ್ಪಡುವ ಗುಮಾಸ್ತೆಯಾದೆ. ಬಸ್ಸು ಕೆಟ್ಟರೆ ಮಿಲ್ಲು ಕೆಟ್ಟಿತು. ರಸ್ತೆಗೆ ಎಮ್ಮೆಗಳು ಅಡ್ಡ ನಿಂತರೆ ನಂಜನಗೂಡಿನ ಬತ್ತದ ವಹಿವಾಟು ಅಡ್ಡ ನಿಂತಿತು. ಒಂದೆರಡು ಸಲ ಒಡೆಯರ ಜೀಪು ನನ್ನನ್ನು ಹುಡುಕಿಕೊಂಡು ನರಸೀಪುರದ ರಸ್ತೆಗೆ ಬಂದದ್ದೂ ಉಂಟು. ಬಸ್ಸು ನಿಲ್ಲಿಸಿ, ಬುಟ್ಟಿ ಕೋಳಿಗಳ ನಡುವಿನಿಂದ ನನ್ನನ್ನು ಇಳಿಸಿಕೊಂಡು ಹೋದಾಗ ಉಳಿದ ಪ್ರಯಾಣಿಕರು ನನ್ನನ್ನು ಡಾಕ್ಟರೆಂದು ತಿಳಿದಿರಬೇಕು. ನಾನು ಅವರ ನಂಬಿಕೆಯನ್ನು ಕೆಡಿಸಲು ಹೋಗಲಿಲ್ಲ.

ಆ ಮೇಲೆ ಒಂದು ಮಧ್ಯಾಹ್ನ, ಶಾಲೆಯಲ್ಲಿ ಪಾಠ ಮಾಡುತ್ತಿದ್ದ ನನ್ನ ಯಜಮಾನರು ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತರು, ಮತ್ತೆ ಏಳಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಬೆಳಿಗ್ಗೆ ಹ್ಯಾಂಡಲ್ಲು ಮುಟ್ಟಿ ಕಳಿಸಿದ್ದೆ ಎಂಬುದೊಂದನ್ನೇ ಹಿಡಿದುಕೊಂಡು ನಾನು ಆ ದಿನಗಳನ್ನು ಕಳೆದೆ. ಖಾಲಿ ಫೈಲು ಎಂದು ನಕ್ಕಿದ್ದವಳು ನಾನೇ, ಈಗ ನನ್ನ ಕೈಯನ್ನು ನಾನೇ ಅನುಮಾನದಿಂದ ನೋಡಿಕೊಳ್ಳುತ್ತಿದ್ದೆ.

ಸೂತಕದ ನಡುವೆ ಸಿದ್ದರಾಜು ಮಾತಾಡಿಸಲು ಬಂದ. ಒಳ್ಳೆಯ ಮನುಷ್ಯ, ಆದರೆ ಹೊಟ್ಟೆಯಲ್ಲಿ ಮಾತು ನಿಲ್ಲದವನು. ಮಿಲ್ಲಿನ ಹಿಂದಿನ ಮನೆಯಲ್ಲಿ ಒಡೆಯರ ತಾಯಿ ಇದ್ದರು, ನಾವೆಲ್ಲ ಅವ್ವ ಎಂದೇ ಕರೆಯುತ್ತಿದ್ದ ಹಿರಿಯ ಜೀವ. ಅವರು ಮಗನನ್ನು ಕರೆದು ಹೇಳಿದರಂತೆ. “ಇನ್ಮುಂದೆ ಬ್ಯಾರೆಯವ್ರು ಮೊದಲು ಮುಟ್ಲಿ ಅಂದವ್ರೆ ಅಕ್ಕ. ನಿಮ್ಗೆ ಹಿಂದ್ಗಡೆ ಗೋಡೌನ್ ಕೆಲ್ಸ ಕೊಡ್ತಾರಂತೆ. ನೀವು ಬೇಜಾರ್ ಮಾಡ್ಕಬ್ಯಾಡಿ,” ಎಂದು ಸಿದ್ದರಾಜು ಕಾಫಿಯ ಲೋಟವನ್ನೇ ನೋಡುತ್ತ ಹೇಳಿದ. ಅವ್ವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರೂ ಗಂಡನನ್ನು ಕಳೆದುಕೊಂಡವರೇ. ಅಕ್ಕಿ ತುಂಬಿದ ಲಾರಿಗಳು ಗೇಟು ದಾಟುವವರೆಗೂ ಅವರು ಬೆಳಿಗ್ಗೆ ಹೊರಗೆ ಮುಖ ತೋರಿಸುತ್ತಿರಲಿಲ್ಲ. ತಮಗೆ ತಾವೇ ಹಾಕಿಕೊಂಡ ಪಥ್ಯವನ್ನು ನನಗೂ ಬಡಿಸುತ್ತಿದ್ದರು, ಅಷ್ಟೆ.

ಆದರೂ ನೋವಾಯಿತು, ಅದನ್ನು ಮುಚ್ಚಿಡುವುದಿಲ್ಲ. ನಾನು ಎಂದೂ ನಂಬದಿದ್ದ ಒಂದು ಪದವಿಯಿಂದ ನನ್ನನ್ನು ಇಳಿಸುತ್ತಿದ್ದರು. ನಂಬಿರಲಿಲ್ಲವಲ್ಲ, ಹೋದರೆ ಏನು ಎಂದು ತರ್ಕ ಹೇಳುತ್ತಿತ್ತು. ಆದರೆ ನನ್ನನ್ನು ಕಾಡುತ್ತಿದ್ದ ಪ್ರಶ್ನೆ ಕೈಗುಣದ್ದಲ್ಲ. ಮನೆಯಲ್ಲಿ ಯಾರೂ ಕಾಯುವವರಿಲ್ಲವಾದ ಮೇಲೆ, ಲೋಕದಲ್ಲಿ ನನ್ನ ಬರವನ್ನು ಕಾಯುತ್ತಿದ್ದುದು ಆ ಮಿಲ್ಲು ಒಂದೇ. ಅಲ್ಲಿಯೂ ಇನ್ನು ನಾನು ಎದುರು ಬಾಗಿಲಿನಿಂದ ಹೋಗುವಂತಿಲ್ಲವೇ ಎಂಬುದು ಪ್ರಶ್ನೆ.

ಕೆಲಸಕ್ಕೆ ಮರಳಿದ ದಿನ ಬಸ್ಸು ಎಂದಿಲ್ಲದಂತೆ ಸಕಾಲಕ್ಕೆ ಬಂತು. ಅಂಗಳದಲ್ಲಿ ಲಾರಿಗಳು ನಿಂತಿದ್ದವು. ನಾನು ಸೆರಗು ಹೊದ್ದು, ಯಾರ ಮುಖವನ್ನೂ ನೋಡದೆ, ಆಫೀಸನ್ನು ಬಿಟ್ಟು ಹಿಂದಿನ ಗೋಡೌನಿನ ಕಡೆ ತಿರುಗಿದೆ. ಯಾರ ಬಾಯಲ್ಲೂ ಹೇಳಿಸಿಕೊಳ್ಳುವ ಮೊದಲೇ ನಾನಾಗಿ ಹೋದರೆ ಎಲ್ಲರಿಗೂ ಸುಲಭವೆಂದು ನನ್ನ ಎಣಿಕೆ. ತೂಕದ ಮನೆಯ ಕಿಟಕಿಯಿಂದ ಸಿದ್ದರಾಜು ಕೂಗಿದ. “ಅಕ್ಕ, ಅತ್ಲಾಗೆಲ್ಲೋಯ್ತಿದ್ದೀರಿ? ಲಾರಿ ನಿಂತವೆ, ಬನ್ನಿ.” ಒಳಗೆ ಹೋಗಿ ನೋಡಿದರೆ ಎಲ್ಲ ಟರ್ಮಿನಲ್ಲುಗಳ ಮೇಲೂ ಹಸಿರು ಅಕ್ಷರಗಳಲ್ಲಿ ‘ಸುನಂದಾ ಅವರು ಬರಲಿ’ ಎಂದಿತ್ತು. ಎಲ್ಲರೂ ಕೈಕಟ್ಟಿ ನಿಂತಿದ್ದರು. ನಾನು ನನ್ನ ಕುರ್ಚಿಯಲ್ಲಿ ಕೂತು ಹೆಸರು ಕೊಟ್ಟೆ, ಪಾಸ್‌ವರ್ಡ್ ಕೊಟ್ಟೆ. ಊರಿನಲ್ಲಿ ಕಂಡವರೆಲ್ಲ ಅಷ್ಟು ದಿನ ನನ್ನನ್ನು ಬೇರೆಯ ದನಿಯಲ್ಲಿ ಮಾತಾಡಿಸಿದ್ದರು. ಯಂತ್ರ ಮಾತ್ರ ಎಂದಿನಂತೆ, ‘ಬಂದಿರಾ, ಶುರು ಮಾಡಿ’ ಎಂದಿತು. ನನಗೆ ಅಳು ತಡೆಯಲಾಗಲಿಲ್ಲ. ಸಿದ್ದರಾಜು ಹೊರಗೆ ಹೋಗಿ ಹಾರನ್ನು ಮಾಡುತ್ತಿದ್ದ ಡ್ರೈವರನ್ನು ಬಯ್ಯುತ್ತ ನಿಂತ.

ಆದದ್ದೇನೆಂದು ಅವನೇ ಆ ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಹೇಳಿದ. ಅವ್ವನ ಮಾತಿನಂತೆ ಒಡೆಯರು ಪ್ರಭುಸ್ವಾಮಿಯನ್ನು ಕರೆದು, ನನ್ನ ಹೆಸರು ತೆಗೆದು ಬೇರೆ ಹೆಸರು ಹಾಕಲು ಹೇಳಿದರು. ಅವ್ವನೂ ಬಾಗಿಲ ಬಳಿ ನಿಂತಿದ್ದರು. ಪ್ರಭುಸ್ವಾಮಿ ಯಂತ್ರದ ಮುಂದೆ ಸ್ವಲ್ಪ ಹೊತ್ತು ಕೂತು, ಏನೇನೋ ಒತ್ತಿ, ತಲೆ ಕೆರೆದುಕೊಂಡು ಎದ್ದನಂತೆ. “ಬರಾಕಿಲ್ಲ ಸಾ. ಒಂದ್ಸಲ ಕೂರ್ಸಿದ್ ಮೇಲೆ ಕೀಳಂಗಿಲ್ಲ, ದೇವ್ರು ಪ್ರತಿಷ್ಠೆ ಮಾಡ್ದಂಗೆ. ಕಿತ್ರೆ ಎಲ್ಲಾ ಒಂಟೋಯ್ತದೆ.” ನಾನು ಬರುವ ತನಕ, ಯಂತ್ರದ ಯಜಮಾನಿಕೆ ಇದ್ದ ತನ್ನ ಪಾಸ್‌ವರ್ಡಿನಿಂದ, ನನ್ನ ಹೆಸರಿನಲ್ಲಿಯೇ ಬೆಳಗಿನ ಬಾಗಿಲು ತೆಗೆದುಕೊಡುವುದಾಗಿ ಒಪ್ಪಿಕೊಂಡ. ಹಾಗೆಯೇ ಮಾಡುತ್ತಿದ್ದ. ಪ್ರತಿಷ್ಠೆಯ ಮಾತು ಬಂದ ಮೇಲೆ ಅವ್ವನೂ ಮರುಮಾತಾಡಲಿಲ್ಲವಂತೆ.

ಆಮೇಲೆ ಮಿಲ್ಲಿಗೆ ಏನಾಯಿತೆಂದರೆ, ವಿಶೇಷವಾಗಿ ಏನೂ ಆಗಲಿಲ್ಲ. ಕೆಲವು ದಿನ ಕರೆಂಟು ಹೋಯಿತು, ಕೆಲವು ದಿನ ಹೋಗಲಿಲ್ಲ. ಬತ್ತ ಬಂತು, ಅಕ್ಕಿ ಹೋಯಿತು. ನಾನು ದಿನವೂ ಎದುರು ಬಾಗಿಲಿನಿಂದಲೇ ಹೋದೆ. ಆ ವರ್ಷ ಕಳೆದು ಮುಂದಿನ ಸುಗ್ಗಿಯ ಹೊತ್ತಿಗೆ, ಒಂದು ಬೆಳಿಗ್ಗೆ ಅಕ್ಕಿಯ ಲಾರಿ ಹೊರಡುವಾಗ ನೋಡುತ್ತೇನೆ, ಅವ್ವ ಕುಟ್ಟಾಣಿ ಹಿಡಿದು ಜಗುಲಿಯ ಮೇಲೆ ಕೂತಿದ್ದಾರೆ. ಡ್ರೈವರು ಅನುಮಾನಿಸಿ ಬ್ರೇಕು ತುಳಿದ. ಅವ್ವ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸದೆ, “ಓಗಪ್ಪ, ಒತ್ತಾಯ್ತು,” ಎಂದರು. ಅಂದಿನಿಂದ ಅವರ ಬೆಳಗುಗಳು ಹೊರಗೆ, ಬಿಸಿಲಿನಲ್ಲಿ ಕಳೆದವು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ಹಸಿರು ಅಕ್ಷರಗಳ ಕಾಲ ಮುಗಿಯಿತು. ಬಣ್ಣದ ತೆರೆಗಳ ಹೊಸ ಕಂಪ್ಯೂಟರುಗಳು ಬಂದವು. ಹಳೆಯ ಯಂತ್ರದಿಂದ ಲೆಕ್ಕಪತ್ರಗಳನ್ನು ವರ್ಗಾಯಿಸಲು ಮೈಸೂರಿನಿಂದ ಒಬ್ಬ ಇಂಜಿನಿಯರ್ ಹುಡುಗಿ ಬಂದಳು. ಲಾಗಿನ್ ಆಗಲು ಹೋದವಳನ್ನು ಯಂತ್ರ ತಡೆಯಿತು, ನಾನು ಬಂದು ದಾರಿ ಬಿಡಿಸಬೇಕಾಯಿತು. ಅವಳು ಆ ಸೂಚನೆಯ ಕಡತವನ್ನು ತೆರೆದು ನೋಡಿ ನಕ್ಕಳು. “ಇದನ್ನ ಯಾಕ್ ಮೇಡಂ ಹಾಗೇ ಬಿಟ್ಟಿದ್ರಿ? ಈ ನಾಕು ಸಾಲು ಅಳಿಸಿದ್ರೆ ಮುಗೀತಿತ್ತು,” ಎಂದವಳೇ ಅಳಿಸಿಯೂ ಬಿಟ್ಟಳು. ಯಂತ್ರಕ್ಕೆ ಏನೂ ಆಗಲಿಲ್ಲ. ಪಕ್ಕದ ಕುರ್ಚಿಯಲ್ಲಿ ಶಿವಮಲ್ಲಪ್ಪನವರು ರಸಬಾಳೆಯ ಸಿಪ್ಪೆ ಸುಲಿಯುತ್ತಿದ್ದರು. ನಾನು ಅವರ ಮುಖವನ್ನು ನೋಡಿದೆ. ಅಷ್ಟು ವರ್ಷ ಒಬ್ಬ ಹುಡುಗ ತಮಗೆ ಹೇಳಿದ ಸುಳ್ಳು ಕಣ್ಣೆದುರೇ ಬಯಲಾದದ್ದಕ್ಕೆ ಅವರು ಕೆರಳುತ್ತಾರೆಂದು ನನ್ನ ಅಂಜಿಕೆ.

ಅವರು ಹಣ್ಣನ್ನು ಮುರಿದು ಅರ್ಧ ಆ ಹುಡುಗಿಗೂ ಅರ್ಧ ನನಗೂ ಕೊಟ್ಟರು. “ಅವತ್ತು ಅವನು ತೆಗೆಯೋಕ್ ಬರಲ್ಲ ಅಂದ,” ಎಂದರು. “ಯಾಕ್ ಬರಲ್ಲ ಅಂತ ನಾನೂ ಕೇಳ್ಲಿಲ್ಲ ಕಣಮ್ಮ.”

ಪ್ರಭುಸ್ವಾಮಿ ಅಷ್ಟರಲ್ಲಿ ಮಿಲ್ಲು ಬಿಟ್ಟು ನಮ್ಮ ನರಸೀಪುರದ ಬಸ್‌ಸ್ಟ್ಯಾಂಡಿನ ಎದುರು ಇಂಟರ್‌ನೆಟ್ ಅಂಗಡಿ ಇಟ್ಟಿದ್ದ. ಮರುದಿನವೇ ಹೋಗಿ ಕೈಮುಗಿದೆ. ಸಾವಧಾನವಾಗಿ ಯೋಚಿಸಿ ಸಿದ್ಧಮಾಡಿಕೊಂಡಿದ್ದ ನನ್ನ ಕೃತಜ್ಞತೆಯ ಭಾಷಣವನ್ನು ಅವನು ಎರಡನೆಯ ವಾಕ್ಯಕ್ಕೇ ತಡೆದ. “ಅಯ್ಯೋ ಬುಡಿ ಅಕ್ಕ. ಬುಕ್ ನೋಡ್ಕಂಡ್ ಹಾಕಿದ್ದು. ಆವಾಗ ನಂಗೆ ಅದನ್ನ ನಿಜವಾಗ್ಲೂ ತೆಗೆಯೋಕೆ ಬತ್ತಿರಲಿಲ್ವೇನೋ.” ಹೀಗೆ ಹೇಳಿ ಪಕ್ಕದ ಅಂಗಡಿಯಿಂದ ಟೀ ತರಿಸಿದ. ಅವನು ಹೇಳಿದ್ದು ನಿಜವೋ ಅಥವಾ ಇದು ಅವನ ಎರಡನೆಯ ಸುಳ್ಳೋ ನಾನು ಇಂದಿಗೂ ಅರಿಯೆ. ಯಾವುದಾದರೂ ನನ್ನ ಋಣ ಕಡಿಮೆಯಾಗುವುದಿಲ್ಲ. ಒಬ್ಬ ತೆಗೆಯಲು ಬರುವುದಿಲ್ಲವೆಂದ, ಇನ್ನೊಬ್ಬರು ಏಕೆಂದು ಕೇಳಲಿಲ್ಲ, ಮತ್ತೊಬ್ಬರು ಕಡೆಗೆ ಜಗುಲಿಗೆ ಬಂದು ಕೂತರು. ಇವರೆಲ್ಲ ಸೇರಿ ನನ್ನನ್ನು ಎದುರು ಬಾಗಿಲಿನಲ್ಲೇ ಉಳಿಸಿಕೊಂಡರು. ಇಷ್ಟು ಜನ ಸಿಗುವುದು ಸಣ್ಣ ಅದೃಷ್ಟವಲ್ಲ ಎಂದು ನಾನು ಆಗಾಗ ಮನಸ್ಸಿನಲ್ಲೇ ಅವರಿಗೆ ನಮಸ್ಕಾರ ಮಾಡುತ್ತೇನೆ.

ಹೀಗೆ ಉಳಿಸಿಕೊಂಡ ಹೆಂಗಸು ನಿವೃತ್ತಳಾದ ಮೇಲೆ ಮಾಡುತ್ತ ಬಂದದ್ದೇನು? ಲೈಟುಕಂಬದ ಪಕ್ಕ ನಿಂತು ಮೂಲವ್ಯಾಧಿಯ ಜಾಹೀರಾತು ಓದುವುದು. ಹೋದ ವಾರ ಒಂದು ಬೆಳಿಗ್ಗೆ ಇದು ಹೊಳೆದು ನನಗೇ ನಾಚಿಕೆಯಾಯಿತು. ನೆಟ್ಟಗೆ ಹೋಗಿ, ಕೆಂಪಮ್ಮ ಗೋಣಿತಾಟು ಸರಿಸುತ್ತಿರುವಾಗಲೇ, ಒಂದು ಕಟ್ಟು ಕೀರೆಸೊಪ್ಪು ಎತ್ತಿಕೊಂಡೆ. ಅವಳು ದುಡ್ಡನ್ನು ಕಣ್ಣಿಗೊತ್ತಿಕೊಂಡು ಸೊಂಟದ ಚೀಲಕ್ಕೆ ಹಾಕಿದಳು. ಕೊಸರಿಗೆಂದು ಕೊತ್ತಂಬರಿಯ ಒಂದು ಎಸಳನ್ನೂ ಹಾಕಲಿಲ್ಲ, ಮುಖ ಎತ್ತಿ ನೋಡಲೂ ಇಲ್ಲ. ಅಂದು ಅವಳ ಬುಟ್ಟಿ ಬೇಗ ಖಾಲಿಯಾಯಿತೇ ಎಂದು ನಾನೂ ವಿಚಾರಿಸಲು ಹೋಗಲಿಲ್ಲ. ಮರುದಿನವೂ ಹಾಗೆಯೇ ಹೋದೆ, ಅದರ ಮರುದಿನವೂ.

ಇವತ್ತು ಮಂಡಿನೋವಿನಿಂದ ಏಳುವುದು ತಡವಾಯಿತು. ಸೊಪ್ಪು ಮುಗಿದೇ ಹೋಗಿರುತ್ತದೆಂದುಕೊಂಡು ನಿಧಾನವಾಗಿ ತಿರುವಿಗೆ ಬಂದೆ. ಬುಟ್ಟಿಯ ಮೇಲೆ ಗೋಣಿತಾಟು ಇನ್ನೂ ಹೊದಿಸಿದಂತೆಯೇ ಇತ್ತು. ಕೈಚೀಲ ಹಿಡಿದು ನಿಂತಿದ್ದ ಇಬ್ಬರು ಹೆಂಗಸರು ಏನೋ ಗೊಣಗುತ್ತಿದ್ದರು. ಕೆಂಪಮ್ಮ ತಾಟಿನ ಮೇಲೆ ಕೈಯಿಟ್ಟುಕೊಂಡು, ರಸ್ತೆಯ ಕಡೆ ನೋಡುತ್ತ, ಅವರಿಗೆ ಹೇಳುತ್ತಿದ್ದಳು.

“ವಸಿ ತಡೀರವ್ವ, ಆ ಅಕ್ಕ ಬರ್ಲಿ.”